ಟ್ರ್ಯಾಕ್ಟರ್ ಮನೆತನದ ಕಾರು

ಇಳಕಲ್ಲಿಗೆ ಇಟಲಿ ಅಷ್ಟೇನೂ ದೂರವಲ್ಲ. ಸೀರೆಯ ಊರೆಂದು ನಾಡಿಗೆಲ್ಲ ಗೊತ್ತಿರುವ ಈ ಊರಿಗೆ ಕಲ್ಲಿನಿಂದಲೂ ಹೆಸರು ಬಂದಿದೆ. ನಮ್ಮ ಕೆಂಪು ಗ್ರಾನೈಟು ರೂಬಿ ರೆಡ್ ಅನ್ನಿಸಿಕೊಂಡು ಹಡಗು ಹತ್ತಿ ಹೋಗುತ್ತದೆ. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ದೊಡ್ಡ ಯಂತ್ರಗಳ ಮಾತು ಬಂದರೆ ಇಟಲಿಯ ಹೆಸರು ಬಂದೇ ಬರುತ್ತದೆ. ಅಲ್ಲಿನ ವೆರೋನಾ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ಮಾರ್ಮೊಮ್ಯಾಕ್ ಅನ್ನುವ ಕಲ್ಲಿನ ದೊಡ್ಡ ಪ್ರದರ್ಶನ ನಡೆಯುತ್ತದೆ. ನಾನಾ ದೇಶದ ಕಲ್ಲಿನ ವ್ಯಾಪಾರಿಗಳು ಅಲ್ಲಿ ಸೇರುತ್ತಾರೆ. ಆ ವೆರೋನಾದಿಂದ ದಕ್ಷಿಣಕ್ಕೆ ಒಂದೆರಡು ತಾಸು ಹೋದರೆ ಮೊಡೆನಾ, ಮರನೆಲ್ಲೊ, ಸಾಂತಾಗತಾ ಬೊಲೊನ್ಯೇಸೆ. ಫೆರಾರಿ, ಲ್ಯಾಂಬೋರ್ಗಿನಿ ಹುಟ್ಟುವ ಊರುಗಳು.

ಕಲ್ಲಿನ ವ್ಯವಹಾರದ ಗೆಳೆಯರೊಬ್ಬರು ಆ ಪ್ರದರ್ಶನಕ್ಕೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ಮರನೆಲ್ಲೊದಲ್ಲಿ ಫೆರಾರಿ ಓಡಿಸಿ ಬಂದರು. ಅಲ್ಲಿ ಫೆರಾರಿ ಮ್ಯೂಸಿಯಮ್ಮಿನ ಸುತ್ತ ಅದಕ್ಕೆಂದೇ ಅಂಗಡಿಗಳಿವೆ. ನಿಮಿಷದ ಲೆಕ್ಕದಲ್ಲಿ ರೊಕ್ಕ ಕಟ್ಟಿದರೆ, ಪಕ್ಕದಲ್ಲಿ ದಾರಿ ಬಲ್ಲವನೊಬ್ಬನನ್ನು ಕೂಡಿಸಿ ಸ್ಟಿಯರಿಂಗ್ ನಮ್ಮ ಕೈಗೆ ಕೊಡುತ್ತಾರೆ. ಅವರು ಬಂದು ಹೇಳಿದ್ದನ್ನು ನಾನು ಒಬ್ಬನೇ ಇಟ್ಟುಕೊಳ್ಳಲಾರದೆ ಬಾಜೂ ಮನೆಯ ಕಾಕಾನ ಮುಂದೆ ಬಿಚ್ಚಿದೆ. ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆ. ಆಚೆ ಕಾಕಾ: ಹುನಗುಂದದ ಕಡೆ ಎರೆಹೊಲ ಇರುವ ರೈತರು, ಖಿಲಾರಿ ಎತ್ತು ಸಾಕಿದವರು, ಈಗ ಟ್ರ್ಯಾಕ್ಟರ್ ಇಟ್ಟವರು. ಈಚೆ ನಾನು: ಹುಡುಗನಿದ್ದಾಗಿನಿಂದ ಕಾರಿನ ಚಿತ್ರ ಕತ್ತರಿಸಿ ಇಟ್ಟುಕೊಳ್ಳುತ್ತ ಬಂದ ಮಾಸ್ತರ. ಇಂಥ ಇಬ್ಬರಿಗೆ ಮಾತು ಸಿಕ್ಕರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

"ಮೊದಲ ಒಂದು ಹೇಳ್ರಿ ಮಾಸ್ತರ," ಅಂದರು ಕಾಕಾ. "ಗೂಳಿ ಚಿತ್ರದ ಕಾರು ಐತೆಲ್ಲ, ಲ್ಯಾಂಬೋರ್ಗಿನಿ, ಅದು ಟ್ರ್ಯಾಕ್ಟರ್ ಮಾಡಾವ್ರ ಮನಿತನದ್ದು ಅಂತಾರ. ಖರೇನೋ, ಸುಳ್ಳೋ?"

"ಖರೇನರಿ ಕಾಕಾ. ಅಷ್ಟ ಅಲ್ಲ, ಅವರು ಒಕ್ಕಲುತನದವ್ರು."

ಫೆರ್ರುಚ್ಚೊ ಲ್ಯಾಂಬೋರ್ಗಿನಿ ಹುಟ್ಟಿದ್ದು 1916ರ ಏಪ್ರಿಲ್ 28ರಂದು, ಚೆಂತೊ ಪಟ್ಟಣದ ಹತ್ತಿರದ ರೆನಾತ್ಸೊ ಹಳ್ಳಿಯಲ್ಲಿ, ರೈತರ ಮನೆಯಲ್ಲಿ. ಹುಡುಗನಿಗೆ ಹೊಲಕ್ಕಿಂತ ಹೊಲದ ಯಂತ್ರಗಳ ಮೇಲೆ ಪ್ರೀತಿ. ಎರಡನೆಯ ಮಹಾಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿ ಇಟಲಿಯ ವಾಯುಪಡೆಯ ಗಾಡಿಗಳನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿತು. ಯುದ್ಧ ಮುಗಿಸಿ ಊರಿಗೆ ಬಂದಾಗ ರೈತರಿಗೆ ಟ್ರ್ಯಾಕ್ಟರ್ ಬೇಕು, ಕೊಳ್ಳಲು ರೊಕ್ಕವಿಲ್ಲ. ಇನ್ನೊಂದು ಕಡೆ ಸೈನ್ಯ ಬಿಟ್ಟುಹೋದ ಗಾಡಿಗಳು ಗುಜರಿಯಾಗಿ ಬಿದ್ದಿವೆ. ಅವುಗಳ ಎಂಜಿನ್ನು, ಗೇರ್‌ಬಾಕ್ಸು ಬಿಚ್ಚಿ ಟ್ರ್ಯಾಕ್ಟರ್ ಕಟ್ಟಿದ. ಪೆಟ್ರೋಲ್ ತುಟ್ಟಿ. ಅದಕ್ಕೆ ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಅಗ್ಗದ ಎಣ್ಣೆಗೆ ಬದಲಿಸಿಕೊಳ್ಳುವ ಒಂದು ಉಪಾಯ ಹುಡುಕಿದ. 1948ರಲ್ಲಿ ಟ್ರ್ಯಾಕ್ಟರ್ ಕಂಪನಿ ನಿಂತಿತು. ಕಾರಿನ ಕಂಪನಿ ಬಂದದ್ದು ಹದಿನೈದು ವರ್ಷ ಕಳೆದು, 1963ರಲ್ಲಿ.

ಕಾಕಾ ಗೋಡೆಯ ಮೇಲೆ ಕೈ ತಟ್ಟಿದರು. "ಅಂದ್ರ ಹೊಟ್ಟಿಗೆ ಆದ ಮ್ಯಾಲ ಹೌಸಿಗೆ ಮಾಡ್ಯಾನ. ಶಾಣ್ಯಾ ಮನಶ್ಯಾ."

ಕಾರು ಮಾಡಲು ಹೊರಟ ಕಾರಣವನ್ನು ಫೆರ್ರುಚ್ಚೊ ತಾನೇ ಬಹಳ ಮಂದಿಗೆ ಹೇಳಿದ್ದಾನೆ. ಟ್ರ್ಯಾಕ್ಟರಿನಲ್ಲಿ ಗಳಿಸಿದ ದುಡ್ಡಿನಲ್ಲಿ ಫೆರಾರಿ ಕೊಂಡ. ಅದರ ಕ್ಲಚ್ಚು ಮತ್ತೆ ಮತ್ತೆ ಕೆಡುತ್ತಿತ್ತು. ತನ್ನ ಕಾರ್ಖಾನೆಗೇ ತಂದು ಬಿಚ್ಚಿಸಿ ನೋಡಿದರೆ, ತಾನು ಟ್ರ್ಯಾಕ್ಟರಿಗೆ ಹಾಕುವಂಥದ್ದೇ ಕ್ಲಚ್ಚು! ಎಂಜೊ ಫೆರಾರಿಯ ಮುಂದೆ ಹೋಗಿ ಈ ಮಾತು ಆಡಿದಾಗ, ಟ್ರ್ಯಾಕ್ಟರ್ ಓಡಿಸುವವನಿಗೆ ಫೆರಾರಿ ಓಡಿಸಲು ಬರುವುದಿಲ್ಲ ಎಂಬ ಅರ್ಥದ ಉತ್ತರ ಬಂತಂತೆ. ಅದೇ ಸಿಟ್ಟಿನಲ್ಲಿ ತನ್ನದೇ ಕಾರು ಮಾಡಿದೆ ಅನ್ನುವುದು ಅವನ ಕಥೆ. ಹೇಳುತ್ತ ಹೇಳುತ್ತ ಕಥೆಗೆ ಬಣ್ಣ ಏರಿರಬಹುದು. ಆದರೆ ಸಾಂತಾಗತಾದಲ್ಲಿ ಎದ್ದ ಕಾರ್ಖಾನೆ ಖರೆ, 1964ರ 350 ಜಿಟಿ ಖರೆ, 1966ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಜಗತ್ತು ಬೆರಗಾಗಿ ನಿಂತು ನೋಡಿದ ಮ್ಯೂರಾ ಖರೆ. ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಸೀಟಿನ ಹಿಂದೆ ಅಡ್ಡಲಾಗಿ ಕೂಡಿಸಿದ ಆ ಕಾರಿನಿಂದಲೇ ಸೂಪರ್‌ಕಾರ್ ಅನ್ನುವ ಜಾತಿ ಶುರುವಾಯಿತೆಂದು ಕಾರು ಬಲ್ಲವರು ಹೇಳುತ್ತಾರೆ. ಮ್ಯೂರಾ ಅನ್ನುವುದು ಸ್ಪೇನಿನಲ್ಲಿ ಕಾಳಗದ ಗೂಳಿಗಳನ್ನು ಸಾಕುವ ಹೆಸರಾಂತ ಮನೆತನ. ಫೆರ್ರುಚ್ಚೊನ ಜನ್ಮರಾಶಿ ವೃಷಭ. ಕಂಪನಿಯ ಲಾಂಛನವೂ ಗೂಳಿಯೇ ಆಯಿತು.

ಈ ಗೂಳಿಯ ಮಾತು ಬಂದದ್ದೇ ತಡ, ಕಾಕಾನಿಗೆ ಕಾರಹುಣ್ಣಿಮೆ ನೆನಪಾಯಿತು. ಹೊನ್ನುಗ್ಗಿಯ ದಿನ ಎತ್ತುಗಳ ಮೈ ತೊಳೆಯುವುದು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮರುದಿನ ಇಳಿಹೊತ್ತಿಗೆ ಊರ ಅಗಸಿಯ ಮುಂದೆ ಎತ್ತು ಓಡಿಸಿ ಕರಿ ಹರಿಯುವುದು. ಬಿಳಿ ಎತ್ತು ಗೆದ್ದರೆ ಹಿಂಗಾರಿ ಚಲೋ, ಕೆಂದೆತ್ತು ಗೆದ್ದರೆ ಮುಂಗಾರಿ ಚಲೋ ಅನ್ನುವ ನಂಬಿಕೆ ನಮ್ಮ ಕಡೆ ಇಂದಿಗೂ ಇದೆ. ಕಾಕಾನ ಕೆಂದೆತ್ತು ಒಂದು ವರ್ಷ ಕರಿ ಹರಿದದ್ದನ್ನು ಈ ಗೋಡೆಯ ಮೇಲಿಂದ ನಾನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಅವರು ಹೇಳುವುದು ಎತ್ತು ಎಷ್ಟು ಜೋರು ಓಡಿತು ಅನ್ನುವುದನ್ನಲ್ಲ. "ಹಗ್ಗದಾಗ ನನ್ನ ಕೈಗೆ ಗೊತ್ತಾಗತಿತ್ತರಿ, ಅದರ ಮನಸ್ಸಿನಾಗ ಏನೈತಿ ಅಂತ. ನಾ ಬಿಡೂ ಮೊದಲ ಅದು ಬಿಡ್ತು, ಅದು ಬಿಡೂ ಮೊದಲ ನನಗ ತಿಳದಿತ್ತು." ಇದು ಅವರ ಮಾತು. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಗೆಳೆಯರ ಫೆರಾರಿಯ ಅನುಭವ ಕೇಳಬೇಕು.

ಅವರು ಓಡಿಸಿದ್ದು ಫೆರಾರಿ 458. ನಾಲ್ಕೂವರೆ ಲೀಟರಿನ ಎಂಟು ಸಿಲಿಂಡರ್ ಎಂಜಿನ್, 570 ಅಶ್ವಶಕ್ತಿ, ನಿಮಿಷಕ್ಕೆ 9,000 ಸುತ್ತು. ಟರ್ಬೊ ಇಲ್ಲದೆ, ಬರೀ ತನ್ನ ಉಸಿರಿನ ಮೇಲೆ ಓಡುವ ಎಂಜಿನ್. ಕೂಡಲು ಬಾಗಬೇಕು, ಬಾಗಿದ ಮೇಲೂ ಇನ್ನಷ್ಟು ಇಳಿಯಬೇಕು. ಸೀಟು ನೆಲಕ್ಕೆ ಅಷ್ಟು ಹತ್ತಿರ. ಸ್ಟಿಯರಿಂಗ್ ಎಡಕ್ಕೆ. ಇಂಡಿಕೇಟರಿನ ಕಡ್ಡಿ ಇರುವ ಜಾಗದಲ್ಲಿ ಕಡ್ಡಿಯೇ ಇಲ್ಲ. ಅದರ ಗುಂಡಿ ಸ್ಟಿಯರಿಂಗ್ ಚಕ್ರದ ಮೇಲೆ, ಹೆಬ್ಬೆರಳಿನ ಕೆಳಗೆ. ಗೇರಿಗೆ ಚಕ್ರದ ಹಿಂದೆ ಎರಡು ಪಟ್ಟಿ, ಬಲಗಡೆಯದು ಜಗ್ಗಿದರೆ ಮೇಲಿನ ಗೇರು, ಎಡಗಡೆಯದು ಜಗ್ಗಿದರೆ ಕೆಳಗಿನದು. ಕ್ಲಚ್ ಪೆಡಲ್ ಇಲ್ಲ. ಚಾಲೂ ಮಾಡಿದೊಡನೆ ಬೆನ್ನ ಹಿಂದೆ ದನಿ ಏಳುತ್ತದೆ. ಆ ದನಿ ಕಿವಿಗಿಂತ ಮೊದಲು ಬೆನ್ನಿಗೆ ಮುಟ್ಟಿತು ಅನ್ನುತ್ತಾರೆ ಗೆಳೆಯರು.

"ಎಷ್ಟ ಜೋರು ಹೊಡದ್ರು?" ಕಾಕಾನ ಮೊದಲ ಪ್ರಶ್ನೆ. ಎಲ್ಲರ ಮೊದಲ ಪ್ರಶ್ನೆಯೂ ಇದೇ.

ಉತ್ತರ ಕೇಳಿದರೆ ಹಲವರಿಗೆ ಸಪ್ಪೆ ಅನ್ನಿಸಬಹುದು. ಅಲ್ಲಿಯ ಕಾನೂನು ಊರೊಳಗೆ 50, ಊರ ಹೊರಗಿನ ರಸ್ತೆಯಲ್ಲಿ 90. ಗಂಟೆಗೆ 325 ಕಿಲೋಮೀಟರ್ ಓಡಬಲ್ಲ ಕಾರನ್ನು ಅವರು ಬಹುಪಾಲು ನಮ್ಮ ಬಸ್ಸಿನ ವೇಗದಲ್ಲೇ ಓಡಿಸಿದರು. ಆದರೂ ಅವರ ಮುಖದಲ್ಲಿ ಆ ಹೊತ್ತಿನ ಹಿಗ್ಗು ಇನ್ನೂ ಇಳಿದಿಲ್ಲ. ಮರನೆಲ್ಲೊದಿಂದ ದಕ್ಷಿಣಕ್ಕೆ ಗುಡ್ಡಗಳು ಶುರುವಾಗುತ್ತವೆ. ಅಲ್ಲಿ ಒಂದು ತಿರುವಿನಲ್ಲಿ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿದೊಡನೆ ಕಾರಿನ ಮೂತಿ ಅಷ್ಟೇ ತಿರುಗಿತು, ಒಂದು ಚಣವೂ ತಡವಿಲ್ಲ. ರಸ್ತೆಯ ಸಣ್ಣ ಒರಟುತನ ಕೂಡ ಅಂಗೈಗೆ ಬಂದು ಮುಟ್ಟಿತು. ಬ್ರೇಕಿನ ಮೇಲೆ ಎಷ್ಟು ಒತ್ತಿದರೆ ಅಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ. ಕಾಲು ಸಡಿಲಿಸಿ ಎಡಗಡೆಯ ಪಟ್ಟಿ ಜಗ್ಗಿದಾಗ ಎಂಜಿನ್ನು ತಾನೇ ಒಮ್ಮೆ ಗುಟುರು ಹಾಕಿ ಕೆಳಗಿನ ಗೇರಿಗೆ ಇಳಿಯಿತು. "ನಾನು ಓಡಿಸಲಿಲ್ಲ, ಅದರ ಜೊತೆ ಮಾತಾಡಿದೆ," ಅಂದರು ಅವರು.

ಕಾಕಾ ಸುಮ್ಮನಾದರು. ಆಮೇಲೆ ತಾವೇ ಅಂದರು, "ಹಗ್ಗದಾಗ ಗೊತ್ತಾದಂಗ ಆಗೇತಿ ಅವರಿಗೂ."

ನಾನು ಇಷ್ಟು ದಿನ ಓದಿದ, ಕೇಳಿದ ಅನುಭವಗಳೆಲ್ಲ ಈ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಇಟಲಿಯ ಇಂಥ ಕಾರು ಓಡಿಸಿದವರು ಮೊದಲು ವೇಗದ ಮಾತು ಆಡುತ್ತಾರೆ, ಯಾಕೆಂದರೆ ಕೇಳುವವರಿಗೆ ಬೇಕಾದದ್ದು ಅದೇ. ಲ್ಯಾಂಬೋರ್ಗಿನಿ ಹುರಕಾನ್ ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟುವುದಕ್ಕೆ 3.2 ಸೆಕೆಂಡು ಸಾಕು. ಹೇಳಿ ಮುಗಿಸಲಿಕ್ಕೂ ಅಷ್ಟು ಹೊತ್ತು ಬೇಕು. ಆದರೆ ಮಾತು ಬೆಳೆದಂತೆ ಅವರು ವೇಗವನ್ನು ಬಿಟ್ಟು ಬೇರೆ ಕಡೆ ಹೊರಳುತ್ತಾರೆ: ಸ್ಟಿಯರಿಂಗಿನ ಭಾರ, ಬ್ರೇಕಿನ ನಂಬಿಕೆ, ಎಂಜಿನ್ನಿನ ದನಿ ಸುತ್ತು ಏರಿದಂತೆ ಬದಲಾಗುವ ಬಗೆ. ಮ್ಯೂರಾ ಓಡಿಸಿದವರು ಒಂದು ಎಚ್ಚರಿಕೆ ಹೇಳುತ್ತಾರೆ: ಅದರ ಪೆಟ್ರೋಲ್ ಟ್ಯಾಂಕು ಮುಂದೆ ಇದೆ, ಪೆಟ್ರೋಲು ಖಾಲಿಯಾಗುತ್ತ ಬಂದಂತೆ ಮೂತಿ ಹಗುರಾಗುತ್ತದೆ, ಜೋರಾಗಿ ಹೋಗುವಾಗ ಮುಂದಿನ ಗಾಲಿಗಳ ಹಿಡಿತ ಸಡಿಲುತ್ತದೆ. ಫೆರಾರಿ ಎಫ್40 ಓಡಿಸಿದವರು ಬೇರೆಯೇ ಹೇಳುತ್ತಾರೆ. 1987ರಲ್ಲಿ ಬಂದ ಆ ಕಾರಿನೊಳಗೆ ಕಾರ್ಪೆಟ್ಟಿಲ್ಲ, ರೇಡಿಯೊ ಇಲ್ಲ, ಬಾಗಿಲು ತೆಗೆಯಲು ಒಂದು ಹಗ್ಗದ ತುಂಡು. 478 ಅಶ್ವಶಕ್ತಿಯ ಎರಡು ಟರ್ಬೊಗಳ ಎಂಜಿನ್ನು ಕೆಳಗಿನ ಸುತ್ತಿನಲ್ಲಿ ಸುಮ್ಮನಿದ್ದು, ಟರ್ಬೊ ತುಂಬಿದೊಡನೆ ಒಮ್ಮೆಲೇ ನುಗ್ಗುತ್ತದೆ. ಆ ನುಗ್ಗುವ ಚಣವನ್ನು ಮೊದಲೇ ಊಹಿಸಿ ಕಾಲು ಇಡಲು ಕಲಿತವನಿಗಷ್ಟೇ ಅದು ಒಲಿಯುತ್ತದೆ.

"ಅಂದ್ರ ಪಳಗಸಬೇಕು," ಅಂದರು ಕಾಕಾ.

"ಪಳಗಬೇಕಾದ್ದು ಕಾರಲ್ಲರಿ, ಓಡಸಾವ್ನು."

"ಎತ್ತಿನ ಕಡೀಗೂ ಹಂಗರಿ. ಹೊಸಾ ಹೋರಿ ಕೂಡ ಮೊದಲ ಪಳಗಾವ್ನು ಮನಶ್ಯಾನ."

ಕಾಕಾನ ಮುಂದಿನ ಲೆಕ್ಕ ಟ್ರ್ಯಾಕ್ಟರಿನದು. ಅವರ ಟ್ರ್ಯಾಕ್ಟರು 50 ಅಶ್ವಶಕ್ತಿಯದು. ಹುರಕಾನ್ 610. "ಹನ್ನೆರಡು ಟ್ರ್ಯಾಕ್ಟರ್ ಒಂದ ಬಾನೆಟ್ಟಿನಾಗ ಹಾಕಿದಂಗಾತು. ಹಂಗಾರ ಕಬ್ಬಿನ ಡಬಲ್ ಟ್ರೇಲರ್ ಜಗ್ಗತೈತೇನು?"

ಈ ಪ್ರಶ್ನೆಯನ್ನು ನಾನು ಬಹಳ ಗೌರವದಿಂದ ಸ್ವೀಕರಿಸಿದೆ, ಯಾಕೆಂದರೆ ಸೂಪರ್‌ಕಾರಿನ ಗುಟ್ಟೆಲ್ಲ ಇದರಲ್ಲಿದೆ. ಶಕ್ತಿ ಅನ್ನುವುದು ಎರಡು ಸಂಗತಿಗಳ ಗುಣಾಕಾರ: ಎಷ್ಟು ಬಲದಿಂದ ತಿರುಗಿಸುತ್ತದೆ, ನಿಮಿಷಕ್ಕೆ ಎಷ್ಟು ಸುತ್ತು ತಿರುಗಿಸುತ್ತದೆ. ಟ್ರ್ಯಾಕ್ಟರಿನ ಎಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ ದುಡಿಯುತ್ತದೆ. ಗೇರುಗಳು ಆ ಸುತ್ತನ್ನು ಇಳಿಸಿ ಇಳಿಸಿ ಗಾಲಿಗೆ ಎಳೆತವಾಗಿ ಕೊಡುತ್ತವೆ. ಮೇಲೆ ಎರಡು ಟನ್ನಿನಷ್ಟು ತೂಕ, ಮಣ್ಣು ಕಚ್ಚುವ ಹಲ್ಲಿನ ಟೈರು. ಹುರಕಾನಿನ ಹತ್ತು ಸಿಲಿಂಡರಿನ ಎಂಜಿನ್ನು ತನ್ನ ಪೂರ್ತಿ 610 ಅಶ್ವಶಕ್ತಿ ಕೊಡುವುದು ನಿಮಿಷಕ್ಕೆ 8,250 ಸುತ್ತಿಗೆ ಏರಿದಾಗ. ಅದರ ಗೇರುಗಳು ಆ ಸುತ್ತನ್ನು ಓಟವಾಗಿ ಮಾಡುತ್ತವೆ. ಎಣ್ಣೆ ನೀರು ಬಿಟ್ಟರೆ ಒಟ್ಟು ತೂಕ 1,422 ಕಿಲೊ. ಬಲ ಒಂದೇ ಬಗೆಯದು, ಖರ್ಚು ಮಾಡುವ ದಾರಿ ಬೇರೆ. ಹೊಲದ ಮಣ್ಣಿನಲ್ಲಿ ಕಬ್ಬಿನ ಟ್ರೇಲರ್ ಕಟ್ಟಿದರೆ ಆ ಕಾರಿನ ಗಾಲಿ ಅಲ್ಲೇ ತಿರುಗುತ್ತ ನಿಲ್ಲುತ್ತದೆ. ಹನ್ನೆರಡು ಟ್ರ್ಯಾಕ್ಟರ್ ಸಾಲಾಗಿ ಕಟ್ಟಿದರೂ ನೂರು ಕಿಲೋಮೀಟರ್ ವೇಗ ಬರುವುದಿಲ್ಲ. ಕಾಕಾ ಇದನ್ನು ಒಂದೇ ಸಲಕ್ಕೆ ಹಿಡಿದರು. "ತೆರಬಂಡಿ ಎಳಿಯೂ ಎತ್ತ ಬ್ಯಾರೆ, ಕರಿ ಹರಿಯೂ ಎತ್ತ ಬ್ಯಾರೆ," ಅಂದರು. ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಎಳೆಯುವ ಪಂದ್ಯ ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರೆಗಳಲ್ಲಿ ನೋಡಿದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಇಷ್ಟು ಹೊತ್ತಿಗೆ ಕಾಕಾನ ಮೊಮ್ಮಗ ಬಂದ. ಜಾತ್ರೆಯ ಟ್ರ್ಯಾಕ್ಟರ್ ರಿವರ್ಸ್ ಪಂದ್ಯದಲ್ಲಿ ಬಹುಮಾನ ತಂದ ಹುಡುಗ. ಟ್ರೇಲರ್ ಹಚ್ಚಿದ ಟ್ರ್ಯಾಕ್ಟರನ್ನು ಹಿಂದಕ್ಕೆ, ನೆಟ್ಟಗೆ, ಜೋರಾಗಿ ಓಡಿಸುವ ಪಂದ್ಯ ಅದು. ಟ್ರೇಲರ್ ಎಡಕ್ಕೆ ಹೊರಳಬೇಕಾದರೆ ಸ್ಟಿಯರಿಂಗ್ ಬಲಕ್ಕೆ ತಿರುಗಿಸಬೇಕು. ಕೊರಳು ಹಿಂದಕ್ಕೆ, ಕೈ ಮುಂದಕ್ಕೆ, ಕಾಲು ಆಕ್ಸಿಲರೇಟರಿನ ಮೇಲೆ. ಗೆರೆ ಒಂದು ಗೇಣು ತಪ್ಪಿದರೂ ಟ್ರೇಲರ್ ಮಡಚಿಕೊಳ್ಳುತ್ತದೆ. ಅವನಿಗೆ ನಾನು ಕೌಂಟಾಶ್ ಸಂಗತಿ ಹೇಳಿದೆ. 1974ರಿಂದ ಮಾರಾಟಕ್ಕೆ ಬಂದ ಆ ಲ್ಯಾಂಬೋರ್ಗಿನಿಯ ಬಾಗಿಲು ಮೇಲಕ್ಕೆ ಏಳುತ್ತದೆ. ಹಿಂದಿನದು ಕಾಣುವುದು ಬಹಳ ಕಷ್ಟ. ಅದಕ್ಕೆ ರಿವರ್ಸ್ ತೆಗೆಯುವವರು ಬಾಗಿಲು ಎತ್ತಿ, ಹೊಸ್ತಿಲಿನ ಪಟ್ಟಿಯ ಮೇಲೆ ಕೂತು, ಮೈ ಹೊರಗೆ ಹಾಕಿ ಹಿಂದೆ ನೋಡುತ್ತ, ಒಂದು ಕೈಯಲ್ಲಿ ಚಕ್ರ ಹಿಡಿದು, ಕಾಲು ಚಾಚಿ ಪೆಡಲು ಒತ್ತುತ್ತಾರೆ. ಇದು ಕೌಂಟಾಶ್ ಇಟ್ಟವರೆಲ್ಲ ಕಲಿತ ಪಟ್ಟು. ಹುಡುಗನ ಕಣ್ಣು ಅರಳಿತು. "ಅದನ್ನ ನಾ ಮಾಡ್ತೀನ್ರಿ ಸರ್. ನಾವೂ ಹಂಗ ಅರ್ಧ ಎದ್ದ ಕುಂತ ನೋಡಕೋತ ಹೊಡೀತೀವಿ." ಮಾಡಬಲ್ಲ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಅವನಿಗೆ ನಾನು ವಲೆಂಟಿನೊ ಬಾಲ್ಬೋನಿಯ ಹೆಸರನ್ನೂ ಹೇಳಿದೆ. 1968ರಲ್ಲಿ ಲ್ಯಾಂಬೋರ್ಗಿನಿ ಕಾರ್ಖಾನೆಗೆ ಕೈಕೆಲಸ ಕಲಿಯುವ ಹುಡುಗನಾಗಿ ಸೇರಿದವನು. ಮುಂದೆ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುವ ಚಾಲಕನಾದ. ದಶಕಗಳ ಕಾಲ ಅದೇ ಕೆಲಸ. 2009ರಲ್ಲಿ ಕಂಪನಿ ಅವನ ಹೆಸರಿನಲ್ಲೇ ಗಲ್ಲಾರ್ಡೊ ಅನ್ನುವ ಮಾದರಿಯ 250 ಕಾರು ಮಾಡಿತು. ಆವರೆಗಿನ ಗಲ್ಲಾರ್ಡೊಗಳಂತೆ ನಾಲ್ಕೂ ಗಾಲಿಗೆ ಬಲ ಕೊಡದೆ, ಹಿಂದಿನ ಎರಡಕ್ಕೆ ಮಾತ್ರ ಬಲ ಕೊಡುವ ಕಾರು ಅದು. ಚಾಲಕನ ಕೈಗೆ ಹೆಚ್ಚು ಕೆಲಸ, ಹೆಚ್ಚು ಮಾತು. ಮೆಕ್ಯಾನಿಕ್ಕಿನ ಹುಡುಗನ ಕೈಗುಣಕ್ಕೆ ಇಷ್ಟು ದೊಡ್ಡ ಮರ್ಯಾದೆ ಸಿಕ್ಕದ್ದನ್ನು ನಮ್ಮ ಗ್ಯಾರೇಜುಗಳಲ್ಲಿ ಎಣ್ಣೆ ಮೆತ್ತಿಕೊಂಡು ದುಡಿಯುವ ಹುಡುಗರೆಲ್ಲ ಕೇಳಬೇಕು.

ಒಳಗಿಂದ ಕಾಕಾನ ಹೆಂಡತಿ ಚಿಗವ್ವನ ಮಗ್ಗದ ಸಪ್ಪಳ ನಿಂತಿತು. ಅವರು ಹೊರಗೆ ಬಂದು, "ಅದರ ಕಿಮ್ಮತ್ತೆಷ್ಟರಿ ಮಾಸ್ತರ?" ಅಂದರು.

ಕಿಮ್ಮತ್ತಿನ ಬದಲು ನಾನು ತೆರಿಗೆಯ ಲೆಕ್ಕ ಹೇಳಿದೆ. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಒಂದು ಫೆರಾರಿಗೆ, ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ಎಸ್‌ಎಫ್90 ಕಾರಿಗೆ, ಸಾರಿಗೆ ಇಲಾಖೆ ಕಟ್ಟಿಸಿಕೊಂಡ ತೆರಿಗೆ ಸುಮಾರು ₹1.42 ಕೋಟಿ. ಕಾರಿನ ಬೆಲೆ ಏಳೂವರೆ ಕೋಟಿಯ ಸುಮಾರು. ಅದೇ ವರ್ಷದ ಫೆಬ್ರುವರಿಯಲ್ಲಿ ಇಂಥದೇ ತೆರಿಗೆ ಬಾಕಿಯ ಕಾರಣಕ್ಕೆ ಹಲವು ದುಬಾರಿ ಕಾರುಗಳನ್ನು ಇಲಾಖೆ ಹಿಡಿದು ನಿಲ್ಲಿಸಿತ್ತು. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚಿನ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಆ ತೆರಿಗೆ ಕಟ್ಟಲೇಬೇಕು. ರಸ್ತೆ ಎಲ್ಲರದು, ಎತ್ತಿನ ಬಂಡಿಯವನದೂ, ಫೆರಾರಿಯವನದೂ. ಅದರ ಋಣ ತೀರಿಸದೆ ಆ ರಸ್ತೆಯ ಮೇಲೆ ಹೆಮ್ಮೆಯಿಂದ ಹೋಗಲಾಗದು.

"ಅಷ್ಟ ರೊಕ್ಕಾ ಹಾಕಿ, ಯಾರಿಗಾದ್ರೂ ಉಪಯೋಗ ಆಗೇತೇನು?" ಚಿಗವ್ವನ ಪ್ರಶ್ನೆ ನೇರವಾಗಿತ್ತು. ಆಗಿದೆ. ಇಟಲಿಯ ಪೊಲೀಸರ ಹತ್ತಿರ ಒಂದು ಹುರಕಾನ್ ಇದೆ. 2020ರ ನವೆಂಬರಿನಲ್ಲಿ ಪಾದುವಾ ಆಸ್ಪತ್ರೆಯಿಂದ ರೋಮಿನ ಆಸ್ಪತ್ರೆಗೆ ಕಸಿ ಮಾಡಲು ಬೇಕಾದ ಮೂತ್ರಪಿಂಡವನ್ನು ಆ ಕಾರಿನಲ್ಲಿ ಸಾಗಿಸಿದರು. ಇಲ್ಲಿಂದ ಬೆಂಗಳೂರು ದಾಟಿ ಹೋಗುವಷ್ಟು ದೂರ, ಹತ್ತಿರ ಹತ್ತಿರ 500 ಕಿಲೋಮೀಟರ್. ಎರಡು ತಾಸಿನ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮುಟ್ಟಿಸಿದರು. ಒಂದು ಜೀವ ಅತ್ತ ಕಾಯುತ್ತಿತ್ತು. ಚಿಗವ್ವ ಕೈಮುಗಿದರು. ಆ ಕಾರುಗಳ ಒಳಗಿನ ಚರ್ಮದ ಸೀಟುಗಳನ್ನು ಸಾಂತಾಗತಾದ ಕಾರ್ಖಾನೆಯಲ್ಲಿ ಇಂದಿಗೂ ಜನ ಕೂತು ಹೊಲಿಯುತ್ತಾರೆ ಅನ್ನುವುದನ್ನೂ ಹೇಳಿದೆ. ಇಳಕಲ್ ಸೀರೆಯ ಟೋಪ್ ತೆನಿ ಸೆರಗನ್ನು ಮೈಯ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಚಿಗವ್ವನ ಕೈಗೆ, ದುಬಾರಿ ವಸ್ತುವಿನ ಬೆಲೆ ಎಲ್ಲಿ ಕೂತಿರುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಗೊತ್ತು.

ಇಂಥ ಕಾರು ನಮ್ಮ ರಸ್ತೆಗೆ ಬಂದರೆ ಹೇಗೆ? 2008ರಲ್ಲಿ ಫೆರಾರಿ ಕಂಪನಿಯೇ ಇದನ್ನು ಮಾಡಿ ನೋಡಿತು. ಎರಡು 612 ಸ್ಕಾಲ್ಯೆಟ್ಟಿ ಕಾರುಗಳು ಮುಂಬೈಯಿಂದ ಹೊರಟು, ಭಾರತ ಸುತ್ತಿ, ಹನ್ನೊಂದು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿ ಮುಂಬೈಗೇ ಮರಳಿದವು. ಓಡಿಸಿದವರು ಸರದಿಯ ಮೇಲೆ ಬಂದ ಪತ್ರಕರ್ತರು. ನಮ್ಮ ರಸ್ತೆಗಳಿಗಾಗಿ ಕಾರಿನ ಹೊಟ್ಟೆಯನ್ನು ನೆಲದಿಂದ ಇನ್ನಷ್ಟು ಎತ್ತರಿಸಿದ್ದರು, ಕೆಳಗೆ ರಕ್ಷಣೆ ಹಾಕಿದ್ದರು. ಈಗಿನ ಕಾರುಗಳಲ್ಲಿ ಮೂತಿ ಎತ್ತುವ ಗುಂಡಿಯೇ ಬಂದಿದೆ. ರೋಡ್ ಹಂಪ್ ಬಂದಾಗ ಒತ್ತಿದರೆ ಮುಂಭಾಗ ಮೇಲೇಳುತ್ತದೆ. ಬೆಂಗಳೂರಿನಲ್ಲಿ ರವಿವಾರ ನಸುಕಿನಲ್ಲಿ ಇಂಥ ಕಾರು ಹೊರಗೆ ತೆಗೆಯುವವರು ಆ ಗುಂಡಿಯನ್ನು ಹಾರ್ನಿಗಿಂತ ಹೆಚ್ಚು ಬಳಸುತ್ತೇವೆ ಅನ್ನುತ್ತಾರೆ.

ನಮ್ಮ ಇಳಕಲ್ಲಿನ ಮಗ್ಗುಲಿಗೇ ರಾಷ್ಟ್ರೀಯ ಹೆದ್ದಾರಿ 50 ಹಾದುಹೋಗಿದೆ. ಮೊದಲು 13 ಅನ್ನುತ್ತಿದ್ದೆವು. ವಿಜಯಪುರ, ಹುನಗುಂದ, ಇಳಕಲ್, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ. ನಾಲ್ಕು ಪಥದ ಚಂದದ ರಸ್ತೆ. ಟೋಲ್ ನಾಕಾ ದಾಟಿದೊಡನೆ ಖಾಲಿ ರಸ್ತೆ ಕಂಡು ಕಾಲು ತಾನೇ ಇಳಿಯುತ್ತದೆ. ಆದರೆ ಅಲ್ಲಿ ಕಾರಿಗೆ ಕಾನೂನಿನ ಮಿತಿ 100. ಹುರಕಾನ್ ಎರಡನೇ ಗೇರಿನಲ್ಲೇ ಅದನ್ನು ದಾಟುತ್ತದೆ. ಆ ರಸ್ತೆಯನ್ನು ಕುರಿಹಿಂಡು ದಾಟುತ್ತದೆ, ಹೊಲದಿಂದ ಮರಳುವ ಬಂಡಿ ದಾಟುತ್ತದೆ, ತಲೆಯ ಮೇಲೆ ಕಣಿಕೆ ಹೊತ್ತ ಹೆಣ್ಣುಮಗಳು ದಾಟುತ್ತಾಳೆ. ಅವರು ಕಾರಿನ ದೂರವನ್ನು ಕಣ್ಣಳತೆಯಲ್ಲಿ ಅಳೆಯುವುದು ಬಸ್ಸು ಲಾರಿಗಳ ವೇಗದ ಲೆಕ್ಕದಲ್ಲಿ. ಇನ್ನೂರರ ವೇಗದಲ್ಲಿ ಬರುವುದನ್ನು ಅಳೆಯಲು ಯಾವ ಕಣ್ಣಿಗೂ ಆಗದು. ಕಾರನ್ನು ಪ್ರೀತಿಸುವವನಾಗಿಯೇ ನಾನು ಈ ಮಾತು ಹೇಳುತ್ತೇನೆ: ಹೆದ್ದಾರಿಯಲ್ಲಿ ವೇಗದ ಹುಚ್ಚು ತೋರಿಸುವವನಿಗೆ ಕಾರಿನ ಪ್ರೀತಿಯಿಲ್ಲ. ನಮ್ಮ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕುಡಿದು ಓಡಿಸುವುದು, ಪೈಪೋಟಿಗೆ ಬಿದ್ದು ಓಡಿಸುವುದು, ಇವೆರಡನ್ನೂ ಆ ಮಹಾಂತ ಜೋಳಿಗೆಗೆ ಹಾಕಬೇಕಾದದ್ದು ಇಳಕಲ್ಲಿನವರ ಧರ್ಮ.

ವೇಗಕ್ಕೆ ಅದರದೇ ಜಾಗವಿದೆ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕಿಟ್ಟಿನಲ್ಲಿ 2011ರ ಅಕ್ಟೋಬರ್ 30ರಂದು ಫಾರ್ಮುಲಾ ಒನ್ ಓಡಿತು, ಸುತ್ತಳತೆ 5.125 ಕಿಲೋಮೀಟರ್. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ, ಕೊಯಮತ್ತೂರಿನ ಹತ್ತಿರ ಕರಿ ಸ್ಪೀಡ್‌ವೇಯಲ್ಲಿ ಟ್ರ್ಯಾಕುಗಳಿವೆ. ಲ್ಯಾಂಬೋರ್ಗಿನಿ ಇಟ್ಟವರು ತಮ್ಮ ಕಾರಿನ ನಿಜವಾದ ರುಚಿ ನೋಡುವುದು ಅಂಥಲ್ಲಿ. ಎದುರಿಗೆ ಬರುವವರಿಲ್ಲ, ದಾಟುವವರಿಲ್ಲ, ತಪ್ಪಿದರೆ ಹೊರಳಲು ಖಾಲಿ ಜಾಗವಿದೆ, ಆಂಬುಲೆನ್ಸ್ ನಿಂತಿದೆ. ಟ್ರ್ಯಾಕಿನಲ್ಲಿ ಓಡಿಸಿದವರು ಇಳಿದ ಮೇಲೆ ಹೇಳುವುದು ಬ್ರೇಕಿನ ಸಂಗತಿಯನ್ನೇ. ಎಷ್ಟು ತಡವಾಗಿ ಒತ್ತಿದರೂ ನಿಂತಿತು, ತಿರುವಿಗೆ ಮೊದಲು ಎಲ್ಲಿ ಒತ್ತಬೇಕೆಂದು ಸುತ್ತಿನಿಂದ ಸುತ್ತಿಗೆ ಕಲಿತೆ ಅನ್ನುತ್ತಾರೆ. ನಿಲ್ಲಿಸಲು ಕಲಿತವನೇ ಓಡಿಸಲು ಕಲಿತವನು.

ನಾನು ಹೇಳಬೇಕೆಂದಿರುವುದು ಇಷ್ಟೇ. ಸೂಪರ್‌ಕಾರಿನ ಸುಖ ಶ್ರೀಮಂತರಿಗಷ್ಟೇ ತಿಳಿಯುವಂಥದ್ದು ಅನ್ನುವುದು ಸುಳ್ಳು. ಕೊಳ್ಳುವ ಶಕ್ತಿ ಅವರಿಗಿರಬಹುದು. ಆದರೆ ದೊಡ್ಡದೊಂದು ಬಲ ತನ್ನ ಕೈಮಾತು ಕೇಳಿದಾಗ ಆಗುವ ಆನಂದ ಎತ್ತಿನ ಹಗ್ಗ ಹಿಡಿದವನಿಗೂ, ಟ್ರೇಲರನ್ನು ಗೆರೆಯ ಮೇಲೆ ಹಿಂದಕ್ಕೆ ಓಡಿಸಿದವನಿಗೂ ಮೊದಲಿನಿಂದಲೂ ಗೊತ್ತು. ಫೆರ್ರುಚ್ಚೊಗೆ ಗೊತ್ತಿದ್ದದ್ದೂ ಅದೇ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಟ್ರ್ಯಾಕ್ಟರಿನ ಕಂಪನಿಯನ್ನೂ ಕಾರಿನ ಕಂಪನಿಯನ್ನೂ ಮಾರಿ, ಉಂಬ್ರಿಯಾದ ಸರೋವರದ ದಂಡೆಯಲ್ಲಿ ಹೊಲ ಮಾಡಿ, ದ್ರಾಕ್ಷಿ ಬೆಳೆದು, 1993ರಲ್ಲಿ ತೀರಿಕೊಂಡ. ಅವನ ಹೆಸರಿನ ಟ್ರ್ಯಾಕ್ಟರುಗಳು ಇಂದಿಗೂ ಇವೆ. ಅವನ್ನು ಮಾಡುವ ಎಸ್‌ಡಿಎಫ್ ಕಂಪನಿಯ ಒಂದು ಕಾರ್ಖಾನೆ ನಮ್ಮ ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲಿದೆ.

ಹೀಗಿರುವಾಗ ನಮ್ಮ ಹುಡುಗರ ಕೈಗುಣಕ್ಕೆ ನಾವೇನು ಕೊಟ್ಟಿದ್ದೇವೆ? ನನಗೆ ತಿಳಿದಂತೆ ಉತ್ತರ ಕರ್ನಾಟಕದಲ್ಲಿ ಒಂದೂ ರೇಸಿನ ಟ್ರ್ಯಾಕಿಲ್ಲ. ಟ್ರ್ಯಾಕ್ಟರ್ ರಿವರ್ಸ್ ಪಂದ್ಯಗಳು ನಡೆಯುವುದು ಯಾವುದೋ ಬಯಲಿನಲ್ಲಿ. ಜನ ಟ್ರ್ಯಾಕ್ಟರಿನ ಗಾಲಿಗೆ ಎರಡು ಮಾರು ದೂರದಲ್ಲಿ ಮುಗಿಬಿದ್ದು ನಿಂತಿರುತ್ತಾರೆ. ಹುಡುಗನ ತಲೆಗೆ ಹೆಲ್ಮೆಟ್ಟಿಲ್ಲ, ಉರುಳಿದರೆ ತಡೆಯಲು ಮೇಲೆ ಕಬ್ಬಿಣದ ಕಮಾನಿಲ್ಲ. ಎತ್ತಿನ ಬಂಡಿ ಓಟಕ್ಕೆ 2017ರಲ್ಲಿ ಕರ್ನಾಟಕ ಕಾನೂನು ಮಾಡಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಎತ್ತಿಗೆ ಹಿಂಸೆಯಾಗಬಾರದೆಂಬ ಷರತ್ತುಗಳು ಬಂದವು. ಎತ್ತಿನ ಜೀವಕ್ಕೆ ಸಿಕ್ಕ ಕಾಳಜಿ ಟ್ರ್ಯಾಕ್ಟರ್ ಮೇಲೆ ಕೂತ ಹುಡುಗನ ಜೀವಕ್ಕೂ ಸಿಗಬೇಕು.

ಕಾಕಾನಿಗೆ ಇದು ನಾಟಿತು. "ಜಾತ್ರಿ ಕಮಿಟಿಯಾಗ ನಾ ಮಾತಾಡ್ತೀನ್ರಿ. ನೀವು ಕಾಗದಾ ಬರ್ಕೊಡ್ರಿ," ಅಂದರು.

ಬರೆದುಕೊಟ್ಟಿದ್ದೇನೆ. ಜನ ಗೆರೆಯಿಂದ ಐವತ್ತು ಅಡಿ ದೂರ, ನಡುವೆ ಬಿದಿರಿನ ಬೇಲಿ. ಪ್ರತಿ ಚಾಲಕನಿಗೆ ಹೆಲ್ಮೆಟ್ಟು, ಪ್ರತಿ ಟ್ರ್ಯಾಕ್ಟರಿಗೆ ಕಮಾನು ಮತ್ತು ಸೀಟ್ ಬೆಲ್ಟು. ಲೈಸೆನ್ಸ್ ಇಲ್ಲದವರಿಗೆ, ಕುಡಿದವರಿಗೆ ಪ್ರವೇಶವಿಲ್ಲ. ಆಂಬುಲೆನ್ಸ್ ಬಂದು ನಿಲ್ಲುವವರೆಗೆ ಒಂದು ಟ್ರ್ಯಾಕ್ಟರೂ ಚಾಲೂ ಆಗಕೂಡದು. ಗೆದ್ದವನಿಗೆ ರೊಕ್ಕದ ಜೊತೆ ಒಂದು ಒಳ್ಳೆಯ ಡ್ರೈವಿಂಗ್ ತರಬೇತಿಯ ಫೀ. ಇಷ್ಟಾದರೆ ನಮ್ಮ ಸೀಮೆಯ ಒಬ್ಬ ಹುಡುಗ ಮುಂದೊಂದು ದಿನ ಟ್ರ್ಯಾಕಿನ ಮೇಲೆ ಇಟಲಿಯ ಕಾರಿನ ಚಕ್ರ ಹಿಡಿಯುವುದು ಕನಸಿನ ಮಾತಲ್ಲ. ಆ ಕೈಗೆ ಬೇಕಾದ ಅರ್ಧ ವಿದ್ಯೆ ಹೊಲದಲ್ಲೇ ಕಲಿತಾಗಿದೆ. ಉಳಿದರ್ಧ ಕಲಿಸುವ ಹೊಣೆ ನಮ್ಮದು.